ಗೇಜ್ ಮನೆಯ ಹಳೇ ಲ್ಯಾಪ್‌ಟಾಪ್

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮೇಲಿನವರಾದ ಶ್ರೀಕಂಠಯ್ಯನವರು ನನ್ನ ಸರ್ಟಿಫಿಕೇಟುಗಳನ್ನು ಬಿಚ್ಚಿಯೂ ನೋಡಲಿಲ್ಲ. ಕಿವಿ ಸರಿಯಾಗಿ ಕೇಳುತ್ತದೆಯೇ ಎಂದಷ್ಟೇ ವಿಚಾರಿಸಿದರು. ಕೇಳುತ್ತದೆ ಎಂದೆ. ಅವರು ಕೋಣೆಯ ಆ ಮೂಲೆಗೆ ಹೋಗಿ, ಗೋಡೆ ಕಡೆ ತಿರುಗಿ ನಿಂತು, ಮೆಲ್ಲಗೆ ಹತ್ತು ಅಂಕಿ ಹೇಳಿದರು. ನಾನು ಬರೆದುಕೊಂಡಿದ್ದನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. ಹತ್ತೂ ಸರಿಯಿದ್ದವು. ನಾಳೆಯಿಂದ ಬಾ ಎಂದರು.

ಅದು ತೊಂಬತ್ತರ ದಶಕದ ಆರಂಭ. ನಂಜನಗೂಡಿನಲ್ಲಿ ಕಪಿಲೆಯ ದಂಡೆಗೆ ಹತ್ತಿರದಲ್ಲೇ ನಮ್ಮ ನೀರಾವರಿ ಇಲಾಖೆಯ ವೈರ್‌ಲೆಸ್ ಕೋಣೆ ಇತ್ತು. ನಮ್ಮಪ್ಪ ಅದೇ ಇಲಾಖೆಯಲ್ಲಿ ಗೇಜ್ ರೀಡರ್ ಆಗಿದ್ದವರು. ನದಿಯಲ್ಲಿ ನಿಲ್ಲಿಸಿದ ಅಳತೆಪಟ್ಟಿಯಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ಓದಿ ಬರೆಯುವುದು ಅವರ ಕೆಲಸ. ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ನಾನು ಕವಲಂದೆಯಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡಿಕೊಂಡು ಐಟಿಐನಲ್ಲಿ ರೇಡಿಯೊ, ಟಿವಿ ಮೆಕ್ಯಾನಿಕ್ ಮುಗಿಸಿದ್ದೆ. ಅನುಕಂಪದ ಆಧಾರದ ಮೇಲೆ ವೈರ್‌ಲೆಸ್ ಆಪರೇಟರ್ ಕೆಲಸ ಸಿಕ್ಕಿತು. ಹೆಂಗಸು ಈ ಕೆಲಸ ಮಾಡುತ್ತಾಳೆಯೇ ಎಂದು ಕೇಳಿದವರು ಬಹಳ ಜನ. ಶ್ರೀಕಂಠಯ್ಯನವರು ಒಮ್ಮೆಯೂ ಕೇಳಲಿಲ್ಲ.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ನಿಮಗೆ ನಿಜ ಹೇಳಬೇಕೆಂದರೆ, ವರ್ಷದಲ್ಲಿ ಎಂಟು ತಿಂಗಳು ಇದು ತೂಕಡಿಕೆ ತರಿಸುವ ಕೆಲಸ. ಗಂಟೆಗೊಮ್ಮೆ ನದಿಯ ಮೇಲ್ಭಾಗದ ಕೇಂದ್ರದ ಆಪರೇಟರ್ ಸೆಟ್ಟಿನಲ್ಲಿ ಅವನ ಕಡೆಯ ನೀರಿನ ಮಟ್ಟ ಹೇಳುತ್ತಿದ್ದ. ಅದನ್ನು ಬರೆದುಕೊಂಡು, ನಮ್ಮ ಗೇಜಿನ ಮಟ್ಟವನ್ನೂ ಸೇರಿಸಿ, ಕೆಳಗಿನ ತಿ. ನರಸೀಪುರಕ್ಕೂ ಮೈಸೂರಿಗೂ ಹೇಳುತ್ತಿದ್ದೆವು. ಬೇಸಿಗೆಯಲ್ಲಿ ನಿನ್ನೆಯ ಅಂಕಿಯೇ ಇವತ್ತಿನ ಅಂಕಿ. ಉಳಿದ ನಾಲ್ಕು ತಿಂಗಳ ಮಾತು ಬೇರೆ. ಕಪಿಲೆ ಹುಟ್ಟುವ ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ನಾವು ಹೇಳುವ ಅಂಕಿಯನ್ನು ನಂಬಿಕೊಂಡು ದಂಡೆಯ ಜನ ಬದುಕುತ್ತಾರೆ.

ಇದು ನನಗೆ ಗೊತ್ತಾಗಿದ್ದು ತಪ್ಪು ಮಾಡಿದ ಮೇಲೆ. ನನ್ನ ಎರಡನೆಯ ಮಳೆಗಾಲ. ಸೆಟ್ಟಿನಲ್ಲಿ ಕರಕರ ಸದ್ದು ಜಾಸ್ತಿಯಾಗಿತ್ತು. ಮೇಲಿನ ಕೇಂದ್ರದವನು ತೊಂಬತ್ತೆರಡು ಎಂದ. ನನಗೆ ಎಂಬತ್ತೆರಡು ಎಂದು ಕೇಳಿಸಿತು. ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು, ಮಾಡಿಕೊಳ್ಳಲಿಲ್ಲ. ತೊಂಬತ್ತು ದಾಟಿದರೆ ಸ್ನಾನಘಟ್ಟ ಖಾಲಿ ಮಾಡಿಸಿ ಎಂದು ಠಾಣೆಗೆ ಫೋನ್ ಮಾಡುವುದು ನಮ್ಮ ಕ್ರಮ. ಎಂಬತ್ತೆರಡಕ್ಕೆ ಮಾಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಮೆಟ್ಟಿಲು ಹತ್ತಿ ಮಡಿವಾಳರ ಬಟ್ಟೆ ಗಂಟುಗಳನ್ನು ಎಳೆದುಕೊಂಡು ಹೋಯಿತು. ಅದರಲ್ಲಿ ಒಂದು ಮದುವೆ ಮನೆಯ ಬಟ್ಟೆಯೆಲ್ಲ ಇತ್ತು. ಗಂಟು ಹಿಡಿಯಲು ಇಳಿದ ಮುದ್ದಯ್ಯ ಎಂಬ ವಯಸ್ಸಾದವರು ಜಾರಿ ಬಿದ್ದು ಕೈ ಮುರಿದುಕೊಂಡರು.

ಶ್ರೀಕಂಠಯ್ಯನವರು ನನ್ನನ್ನು ಬೈಯಲಿಲ್ಲ. ಸಂಜೆ ನನ್ನನ್ನು ಕರೆದುಕೊಂಡು ನೇರ ಮುದ್ದಯ್ಯನವರ ಮನೆಗೆ ಹೋದರು. ಅಂಕಿ ತಪ್ಪಾಗಿ ಬರೆದುಕೊಂಡವಳು ಇವಳೇ ಎಂದು ನನ್ನನ್ನು ತೋರಿಸಿ, ತಾವು ಪಕ್ಕದಲ್ಲೇ ಕುಳಿತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಮುದ್ದಯ್ಯ ಕೂಗಾಡಲಿಲ್ಲ.

“ನೀರು ಬತ್ತದೆ ಅಂತ ಒಂದ್ ಮಾತು ಯೋಳಿದ್ರೆ ಸಾಕಾಗಿತ್ತು ಕಣವ್ವ,” ಅಂದರು. “ನಾವೇನು ನದೀನ ನಿಲ್ಸಿ ಅಂದಿದ್ವಾ?”

ಮಾರನೆಯ ದಿನದಿಂದ ನಾನು ಅಂಕಿಗಳನ್ನು ಬಿಡಿಬಿಡಿಯಾಗಿ ಕೇಳತೊಡಗಿದೆ. ತೊಂಬತ್ತೆರಡು ಅಲ್ಲ, ಒಂಬತ್ತು, ಎರಡು. ತಿರುಗಿ ಎರಡು ಸಲ ಹೇಳಿಸುತ್ತಿದ್ದೆ. ಮೇಲಿನವನಿಗೆ ನನ್ನ ಕಾಟ ತಡೆಯಲಾಗುತ್ತಿರಲಿಲ್ಲ. ಆದರೆ ವರ್ಷ ತುಂಬುವುದರೊಳಗೆ ನಮ್ಮ ಸಾಲಿನ ಎಲ್ಲ ಕೇಂದ್ರಗಳಲ್ಲೂ ಅದೇ ರೂಢಿಯಾಯಿತು.

ಶ್ರೀಕಂಠಯ್ಯನವರು ಕಲಿಸಿದ ಇನ್ನೊಂದು ಪಾಠವನ್ನೂ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ಸೆಟ್ಟು ಸತ್ತಂತೆ ಕೂತಿತ್ತು. ನನಗೆ ನನ್ನ ಐಟಿಐ ವಿದ್ಯೆ ತೋರಿಸುವ ಉತ್ಸಾಹ. ಸೆಟ್ಟನ್ನು ಬಿಚ್ಚಿ ಒಂದೊಂದೇ ಭಾಗವನ್ನು ಮೀಟರಿಟ್ಟು ನೋಡುತ್ತಾ ಮಧ್ಯಾಹ್ನ ಮಾಡಿದೆ. ಎಲ್ಲವೂ ಚೆನ್ನಾಗಿದ್ದವು, ಸೆಟ್ಟು ಮಾತ್ರ ಮಾತಾಡಲಿಲ್ಲ. ಊಟ ಮುಗಿಸಿ ಬಂದ ಅವರು ತಾರಸಿ ಹತ್ತಿ, ಆಂಟೆನಾದ ಬುಡದಲ್ಲಿ ಕೇಬಲ್ ಸೇರುವ ಕಡೆ ತಿರುಪು ಬಿಚ್ಚಿದರು. ಒಳಗಿಂದ ನಾಲ್ಕು ಹನಿ ನೀರು ಬಿತ್ತು. ಒರೆಸಿ, ಒಣಗಿಸಿ, ಮತ್ತೆ ಸೇರಿಸಿದ ಕೂಡಲೇ ಕೆಳಗೆ ಸೆಟ್ಟು ಗುರುಗುಟ್ಟಿತು.

“ಸೆಟ್ ಬಿಚ್ಚೋಕ್ ಮುಂಚೆ ತಂತಿ ನೋಡ್ಬೇಕು ಕಣಮ್ಮ,” ಅಂದರು. “ಕೆಡೋದು ಬಾಗೋ ಕಡೆ, ಇಲ್ಲಾ ಒದ್ದೆ ಆಗೋ ಕಡೆ.”

ಹತ್ತು ಹನ್ನೆರಡು ವರ್ಷ ಹೀಗೇ ಹೋಯಿತು. ಶ್ರೀಕಂಠಯ್ಯನವರು ನಿವೃತ್ತರಾದರು. ನನ್ನನ್ನು ತಿ. ನರಸೀಪುರಕ್ಕೆ ವರ್ಗ ಮಾಡಿದರು. ನಾನು ನಂಜನಗೂಡಿನಲ್ಲೇ ಮನೆ ಇಟ್ಟುಕೊಂಡು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಒಂದು ದಿನ ಲಾರಿ ಬಂದು ನಮ್ಮ ವೈರ್‌ಲೆಸ್ ಸೆಟ್ಟನ್ನೂ ಕಂಬವನ್ನೂ ಹೇರಿಕೊಂಡು ಹೋಯಿತು. ಇನ್ನು ಮೇಲೆ ನೀರಿನ ಮಟ್ಟವನ್ನು ಕಂಪ್ಯೂಟರಿನಲ್ಲಿ, ಇಂಟರ್‌ನೆಟ್ ಪುಟದಲ್ಲಿ ತುಂಬಬೇಕು ಎಂದು ಆದೇಶ. ಅದರ ಹಿಂದೆಯೇ, ವೈರ್‌ಲೆಸ್ ಆಪರೇಟರುಗಳು ಹೆಚ್ಚುವರಿ ಸಿಬ್ಬಂದಿ ಎಂದು ಇನ್ನೊಂದು ಪತ್ರ. ನನ್ನ ವಾರಿಗೆಯ ಕೆಲವರು ಕಚೇರಿಗಳಲ್ಲಿ ಟಪಾಲು ಹಂಚುವ ಕೆಲಸಕ್ಕೆ ಹೋದರು. ನನ್ನನ್ನು ಎಲ್ಲಿಗೆ ಹಾಕುವುದೆಂದು ಯಾರಿಗೂ ತೋಚದೆ ಅಲ್ಲೇ ಬಿಟ್ಟರು. ಲಾರಿಯವರು ಬಿಟ್ಟುಹೋದ ಒಂದು ತುಂಡು ಕೇಬಲ್ಲು ಮತ್ತು ಸೆಟ್ಟಿನ ಬ್ಯಾಟರಿಯನ್ನು ನಾನು ಬೀರುವಿನ ಹಿಂದೆ ಎತ್ತಿಟ್ಟೆ. ಬಿಸಾಡಲು ಮನಸ್ಸಾಗಲಿಲ್ಲ.

ತಿ. ನರಸೀಪುರದ ಆ ಜಾಗದ ವಿಚಾರ ಸ್ವಲ್ಪ ಹೇಳಬೇಕು. ಕಪಿಲೆ ಬಂದು ಕಾವೇರಿಗೆ ಸೇರುವ ಸಂಗಮದಿಂದ ಸ್ವಲ್ಪ ಕೆಳಗೆ, ದಂಡೆಯ ಮೇಲೆ ಒಂದೇ ಕೋಣೆಯ ಗೇಜ್ ಮನೆ. ಅಲ್ಲಿಂದ ಕಡಿದಾದ ಮೆಟ್ಟಿಲು ಹತ್ತಿ, ಮುನ್ನೂರು ಮುನ್ನೂರೈವತ್ತು ಹೆಜ್ಜೆ ನಡೆದರೆ ನಮ್ಮ ಕಚೇರಿ. ಕಚೇರಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಗೇಜ್ ಮನೆಗೆ ಎಳೆದಿದ್ದ ಫೋನ್ ತಂತಿ ಪ್ರತಿ ಪ್ರವಾಹಕ್ಕೂ ಕಿತ್ತುಹೋಗುತ್ತಿತ್ತು. ಗೇಜ್ ರೀಡರ್ ರಾಚಯ್ಯನವರಿಗೆ ಐವತ್ತೈದು ದಾಟಿತ್ತು, ಮೊಣಕಾಲು ನೋವು. ಮಟ್ಟ ಓದಿ, ಚೀಟಿ ಹಿಡಿದು, ಆ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ನದಿ ಇನ್ನೊಂದು ಮಟ್ಟದಲ್ಲಿರುತ್ತಿತ್ತು.

ಮೈಸೂರಿನ ಕಚೇರಿಗೆ ಹೊಸ ಯಂತ್ರಗಳು ಬಂದಾಗ ಅಲ್ಲಿನ ಒಂದು ಹಳೇ ಲ್ಯಾಪ್‌ಟಾಪನ್ನು ನಮಗೆ ಕಳಿಸಿದರು. ಒಂದು ಮೂಲೆ ಬಿರುಕು ಬಿಟ್ಟಿತ್ತು, ಕೀಬೋರ್ಡಿನಲ್ಲಿ ಎರಡು ಕೀಲಿ ಇರಲಿಲ್ಲ. ಅದು ಎದ್ದು ಕೂರುವುದರೊಳಗೆ ಟೀ ಕುಡಿದು ಬರಬಹುದಿತ್ತು. ಒಳಗೆ ಯಾವ್ಯಾವ ವೈರಸ್ ಸೇರಿದ್ದವೋ, ಮಟ್ಟ ತುಂಬುವ ಪುಟ ತೆರೆಯಲು ಹೋದರೆ ಬೇರೆ ಏನೇನೋ ಪುಟಗಳು ತೆರೆದುಕೊಳ್ಳುತ್ತಿದ್ದವು. ನಮ್ಮ ಅಸಿಸ್ಟೆಂಟ್ ಎಂಜಿನಿಯರ್ ಪ್ರದೀಪ್ ಎಂಬುವರು ಒಳ್ಳೆಯವರೇ, ಮೂವತ್ತರ ಆಸುಪಾಸಿನವರು, ತಾಳ್ಮೆ ಮಾತ್ರ ಕಮ್ಮಿ. ಎರಡು ದಿನ ನೋಡಿ, ಗುಜರಿಗೆ ಬರೆದುಬಿಡಿ ಎಂದರು. ಒಂದು ತಿಂಗಳು ನನ್ನ ಕೈಯಲ್ಲಿರಲಿ ಎಂದು ಕೇಳಿಕೊಂಡೆ. ಏಕೆ ಕೇಳಿದೆನೋ. ಲಾರಿ ಹತ್ತಿದ ಸೆಟ್ಟು ಕಣ್ಣ ಮುಂದೆ ಬಂದಿರಬೇಕು.

ದಿನದ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ನಸೀಮಾ ಮೇಡಂ. ತಿ. ನರಸೀಪುರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದರು. ನನ್ನ ಗೋಳು ಕೇಳಿ ಮಾರನೆಯ ದಿನ ಒಂದು ಸಿಡಿ ತಂದುಕೊಟ್ಟರು. ಮೇಲೆ ಸ್ಕೆಚ್ ಪೆನ್ನಿನಲ್ಲಿ ಲಿನಕ್ಸ್ ಎಂದು ಬರೆದಿತ್ತು. ಇದು ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ದುಡ್ಡು ಕೊಡದೆ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಳೇ ಯಂತ್ರಕ್ಕೂ ಭಾರವಾಗುವುದಿಲ್ಲ, ನಿಮ್ಮನ್ನು ಕಾಡುತ್ತಿರುವ ವೈರಸ್ಸುಗಳಿಗೆ ಇದರಲ್ಲಿ ಜಾಗವಿಲ್ಲ ಎಂದರು. “ಆದ್ರೆ ಮಹದೇವಮ್ಮ, ಇದು ಏನಾದ್ರೂ ಕೆಟ್ರೆ ಏನು ಕೆಟ್ಟಿದೆ ಅಂತ ಉದ್ದಕ್ಕೆ ಬರೆದು ತೋರಿಸುತ್ತೆ. ಕೂತು ಓದೋ ವ್ಯವಧಾನ ಬೇಕು.” ಹತ್ತು ವರ್ಷ ಅಂಕಿ ಕೇಳಿದವಳಿಗೆ ವ್ಯವಧಾನ ಕಲಿಸಬೇಕೇ ಎಂದೆ.

ಆ ಜಂಬ ಒಂದೇ ದಿನದಲ್ಲಿ ಇಳಿಯಿತು. ಸಿಡಿ ಹಾಕಿದೆ. ಇಡೀ ಡಿಸ್ಕನ್ನು ಬಳಸಲೇ ಎಂದು ಅದು ಕೇಳಿತು. ಜಾಗ ಧಾರಾಳವಾಗಿರಲಿ ಎಂದು ಹೂಂ ಎಂದು ಒತ್ತಿದೆ. ಅದರಲ್ಲಿ ಮೈಸೂರಿನವರು ತುಂಬಿ ಕಳಿಸಿದ್ದ ನಮ್ಮ ಕೇಂದ್ರದ ಮೂರು ಮಳೆಗಾಲದ ಲೆಕ್ಕವಿತ್ತು. ಎಲ್ಲ ಅಳಿಸಿಹೋಯಿತು. ಬೇರೆ ಯಾವ ಕಂಪ್ಯೂಟರಿನಲ್ಲೂ ಅದರ ನಕಲು ಇರಲಿಲ್ಲ. ಪ್ರದೀಪ್ ಸಾಹೇಬರ ಮುಖ ಕೆಂಪಗಾಯಿತು. ಸಂಜೆಯೊಳಗೆ ನನ್ನ ಕೈಗೆ ಮೆಮೊ ಬಂತು. ನನ್ನ ಸೇವೆಯಲ್ಲಿ ಬಂದ ಒಂದೇ ಮೆಮೊ ಅದು, ಇವತ್ತಿಗೂ ನನ್ನ ಹತ್ತಿರ ಇದೆ.

ಉಳಿಸಿದವರು ರಾಚಯ್ಯಣ್ಣ. ಅವರು ತಾವು ಓದಿದ ಪ್ರತಿಯೊಂದು ಮಟ್ಟವನ್ನೂ ಕಾಗದದ ರಿಜಿಸ್ಟರಿನಲ್ಲಿ ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದರು. ಅವರು ಓದಿದರು, ನಾನು ಕುಟ್ಟಿದೆ. ಹನ್ನೊಂದು ದಿನ ಹಿಡಿಯಿತು. ನಡುವೆ ಒಂದು ಸಂತೋಷವೂ ಆಯಿತು. ಲಿನಕ್ಸಿನಲ್ಲಿ ಕನ್ನಡ ಅಕ್ಷರ ಚೆನ್ನಾಗಿ ಮೂಡುತ್ತಿತ್ತು. ನಾನು ತಲೆಬರಹವನ್ನೆಲ್ಲ ಕನ್ನಡದಲ್ಲೇ ಹಾಕಿದೆ. ಇಂಗ್ಲಿಷ್ ಬಾರದ ರಾಚಯ್ಯಣ್ಣ ಪರದೆಯ ಹತ್ತಿರ ಮುಖ ತಂದು ‘ತಿರುಮಕೂಡಲು ನರಸೀಪುರ’ ಎಂದು ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ನಾನು ಒಂದು ಅಂಕಿ ತಪ್ಪು ಕುಟ್ಟಿದರೂ ಅವರೇ ಹಿಡಿಯುತ್ತಿದ್ದರು.

ಯಂತ್ರ ಈಗ ಎರಡು ನಿಮಿಷಕ್ಕೆ ಏಳುತ್ತಿತ್ತು. ಆದರೆ ಅದನ್ನು ಗೇಜ್ ಮನೆಗೆ ಒಯ್ದರೆ ಮಾತ್ರ ಅದರಿಂದ ಉಪಯೋಗ. ಕಚೇರಿಯ ಮೋಡೆಮ್ಮಿಗೆ ವೈಫೈ ಇತ್ತು, ಲ್ಯಾಪ್‌ಟಾಪಿನೊಳಗೆ ವೈಫೈ ಕಾರ್ಡೂ ಇತ್ತು. ಲಿನಕ್ಸಿಗೆ ಆ ಕಾರ್ಡು ಇದೆ ಎಂದು ಗೊತ್ತಿತ್ತು, ಅದನ್ನು ನಡೆಸುವುದು ಹೇಗೆಂದು ಗೊತ್ತಿರಲಿಲ್ಲ. ಕಪ್ಪು ಪರದೆಯಲ್ಲಿ ಸಾಲು ಸಾಲಾಗಿ ಬಂದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಬಸ್ಸಿನಲ್ಲಿ ನಸೀಮಾ ಮೇಡಂಗೆ ತೋರಿಸುತ್ತಿದ್ದೆ. ಅವರು ಕಾಲೇಜಿನಲ್ಲಿ ಹುಡುಕಿ ಮಾರನೆಯ ದಿನ ಉತ್ತರ ತರುತ್ತಿದ್ದರು. ಕಾರ್ಡಿಗೆ ಬೇಕಾದ ಒಂದು ಚಿಕ್ಕ ಫೈಲು ಈ ಸಿಡಿಯಲ್ಲಿ ಇಲ್ಲ, ಬೇರೆ ಸಿಸ್ಟಮ್ಮಿಗೆಂದು ಮಾಡಿದ ಡ್ರೈವರ್ ಎಂಬ ಪ್ರೋಗ್ರಾಮಿನ ಹೊಟ್ಟೆಯಿಂದ ಅದನ್ನು ಕತ್ತರಿಸಿ ತೆಗೆಯಬೇಕು ಎಂದು ತಿಳಿಯುವುದಕ್ಕೇ ವಾರ ಹಿಡಿಯಿತು. ಅದನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಹೇಳಿದ ಜಾಗದಲ್ಲಿ ಇಟ್ಟು, ಯಂತ್ರವನ್ನು ಮತ್ತೆ ಎಬ್ಬಿಸಿದೆ. ಮುಂಭಾಗದ ಸಣ್ಣ ನೀಲಿ ದೀಪ ಹತ್ತಿಕೊಂಡಿತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಮೋಡೆಮ್ಮಿನ ಮೇಜಿನ ಮೇಲೇ ಇಟ್ಟರೆ ಕೆಲಸ ಮಾಡುತ್ತಿತ್ತು. ಬಾಗಿಲು ದಾಟಿದರೆ ಸಂಪರ್ಕ ಕಡಿದುಹೋಗುತ್ತಿತ್ತು. ಪ್ರದೀಪ್ ಸಾಹೇಬರು ಅದು ಲಿನಕ್ಸಿನ ದೋಷ ಎಂದರು. ಪುಕ್ಕಟೆ ಬಂದದ್ದು ಹೀಗೇ ಎಂದರು. ತಿಂಗಳು ಮುಗಿಯಲು ನಾಲ್ಕೇ ದಿನ ಇತ್ತು. ನಾನೂ ಎರಡು ದಿನ ಡ್ರೈವರ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದೆ. ಮೂರನೆಯ ದಿನ ಯಂತ್ರ ಮುಚ್ಚಲು ಹೋದಾಗ ಒಂದು ಸಂಗತಿ ಗಮನಿಸಿದೆ. ಪರದೆಯನ್ನು ಅರ್ಧ ಮುಚ್ಚಿದಾಗ ಸಿಗ್ನಲ್ಲು ಒಂದು ಕ್ಷಣ ಏರಿ ಮತ್ತೆ ಬಿತ್ತು. ಮತ್ತೆ ಮುಚ್ಚಿ ತೆರೆದೆ, ಮತ್ತೆ ಹಾಗೇ ಆಯಿತು. ಆಗ ತಲೆಗೆ ಹೊಳೆಯಿತು. ಇದೂ ವೈರ್‌ಲೆಸ್ಸೇ. ಇದಕ್ಕೂ ಎಲ್ಲೋ ಒಂದು ಆಂಟೆನಾ ಇರಬೇಕು, ಆಂಟೆನಾಕ್ಕೆ ಒಂದು ತಂತಿ ಇರಬೇಕು. ನಾನು ಮಾತ್ರ ಹಳೇ ದಿನದ ಹಾಗೆ ಸೆಟ್ಟಿನ ಒಳಗನ್ನೇ ಕೆದಕುತ್ತಾ ಕೂತಿದ್ದೆ.

ತಿರುಪು ಬಿಚ್ಚಿದೆ. ಪರದೆಯ ಚೌಕಟ್ಟಿನಿಂದ ಕಾರ್ಡಿಗೆ ಎರಡು ತಂತಿಗಳು ಇಳಿದಿದ್ದವು, ಒಂದು ಕಪ್ಪು, ಒಂದು ಬಿಳಿ, ಶ್ಯಾವಿಗೆಗಿಂತ ಸಣ್ಣವು. ಪರದೆ ಬಾಗುವ ಕೀಲಿನ ಹತ್ತಿರ ಕಪ್ಪು ತಂತಿ ಒಳಗೇ ತುಂಡಾಗಿತ್ತು. ಸಾವಿರ ಸಲ ಮುಚ್ಚಿ ತೆರೆದು ಸವೆದು ಹೋಗಿತ್ತು. ಅದನ್ನು ಬೆಸೆಯುವಷ್ಟು ಕಣ್ಣು ನನಗಿರಲಿಲ್ಲ. ಪೇಟೆಯಲ್ಲಿ ವಾಚ್ ರಿಪೇರಿ ಮಾಡುವವರ ಅಂಗಡಿಗೆ ಹೋಗಿ, ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ತಂದೆ. ತಂತಿಯ ಒಳಗಿನ ಎಳೆಗೆ ಅದರ ಸುತ್ತಲಿನ ಲೋಹದ ಹೆಣಿಗೆ ತಾಗದಂತೆ ಬೆಸುಗೆ ಹಾಕಬೇಕು. ಮೂರು ಸಲ ತಾಗಿತು. ಮೂರು ಸಲವೂ ಕತ್ತರಿಸಿ ಮೊದಲಿನಿಂದ ಮಾಡಿದೆ. ನಾಲ್ಕನೆಯ ಸಲ ಮೀಟರ್ ಹಿಡಿದು ನೋಡಿದರೆ ಸರಿಯಾಗಿತ್ತು. ಬೆಸೆದ ಜಾಗ ಮತ್ತೆ ಬಾಗದ ಹಾಗೆ ತಂತಿಯನ್ನು ಕೀಲಿನ ಹೊರಗಿಂದ ಸುತ್ತಿ ತಂದೆ.

ಯಂತ್ರ ಎಬ್ಬಿಸಿಕೊಂಡು ಕಚೇರಿಯ ಬಾಗಿಲು ದಾಟಿದೆ. ಸಂಪರ್ಕ ಉಳಿಯಿತು. ಅಂಗಳ ದಾಟಿದೆ, ಉಳಿಯಿತು. ಮೆಟ್ಟಿಲ ತುದಿಯವರೆಗೂ ಉಳಿಯಿತು. ಹಿಂದೆಯೇ ಬರುತ್ತಿದ್ದ ಪ್ರದೀಪ್ ಸಾಹೇಬರು ಪರದೆ ನೋಡಿದರು, ನನ್ನನ್ನು ನೋಡಿದರು. ಲಿನಕ್ಸಿನ ದೋಷ ಅಲ್ಲ ಸಾರ್, ತಂತಿದು, ಎಂದೆ. ಅವರು ನಕ್ಕುಬಿಟ್ಟರು. ಗುಜರಿಯ ಮಾತು ಮತ್ತೆ ಬರಲಿಲ್ಲ.

ಆದರೂ ಗೇಜ್ ಮನೆಯಲ್ಲಿ ಸಿಗ್ನಲ್ಲು ಒಂದು ಗೆರೆ ಬಂದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ನಸೀಮಾ ಮೇಡಂ ಬಸ್ಸಿನ ಟಿಕೆಟ್ಟಿನ ಹಿಂದೆ ಲೆಕ್ಕ ಮಾಡಿ, ಇಷ್ಟು ಅಗಲದ ತಗಡಿನ ಡಬ್ಬ, ಅದರ ತಳದಿಂದ ಇಷ್ಟು ದೂರದಲ್ಲಿ ಒಂದು ತೂತು, ಒಳಗೆ ಮೂರು ಸೆಂಟಿಮೀಟರಿಗೆ ಚೂರು ಜಾಸ್ತಿ ಉದ್ದದ ತಾಮ್ರದ ತಂತಿ, ಇದೇ ನಿಮ್ಮ ಹೊರಗಿನ ಆಂಟೆನಾ ಎಂದು ಬರೆದುಕೊಟ್ಟರು. ರಾಚಯ್ಯಣ್ಣ ಮನೆಯಿಂದ ಹಾಲಿನ ಪುಡಿಯ ಖಾಲಿ ಡಬ್ಬ ತಂದರು. ಬೀರುವಿನ ಹಿಂದೆ ಇಟ್ಟಿದ್ದ ಹಳೇ ಕೇಬಲ್ಲಿನ ತುಂಡನ್ನು ಬಿಳಿ ತಂತಿಗೆ ಬೆಸೆದು ಹೊರಗೆಳೆದು ಡಬ್ಬಕ್ಕೆ ಸೇರಿಸಿದೆ. ಮೇಲೆ ಕಚೇರಿಯಲ್ಲಿ ಮೋಡೆಮ್ಮನ್ನು ಕಿಟಕಿಗೆ ತಂದಿಟ್ಟೆವು. ಡಬ್ಬದ ಬಾಯಿಯನ್ನು ಆ ಕಿಟಕಿಯ ಕಡೆಗೆ ತಿರುಗಿಸಿದೊಡನೆ ನಾಲ್ಕು ಗೆರೆ ಮೂಡಿ ನಿಂತವು. ಅವತ್ತು ರಾಚಯ್ಯಣ್ಣ ಮಟ್ಟ ಓದಿದ ಮರುಕ್ಷಣವೇ ಮೈಸೂರಿನಲ್ಲಿ ಅಂಕಿ ಕಂಡಿತು. ಅವರು ಮೆಟ್ಟಿಲ ಕಡೆ ನೋಡಿ, ಮೊಣಕಾಲು ಸವರಿಕೊಂಡು, ಕೂತೇಬಿಟ್ಟರು.

ಅದಾಗಿ ಎರಡನೆಯ ಮಳೆಗಾಲಕ್ಕೆ ದೊಡ್ಡ ನೀರು ಬಂತು. ಕಾವೇರಿಯೂ ಕಪಿಲೆಯೂ ಒಟ್ಟಿಗೆ ಏರಿದವು. ಬೆಳಿಗ್ಗೆ ನಾನು ಬರುವ ಹೊತ್ತಿಗೆ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳು ಮುಳುಗಿದ್ದವು. ಒಂಬತ್ತಕ್ಕೆ ಕರೆಂಟು ಹೋಯಿತು. ಹನ್ನೊಂದರ ಹೊತ್ತಿಗೆ ಮೊಬೈಲುಗಳೂ ನಿಂತವು. ಗೇಜ್ ಮನೆಯ ಫೋನ್ ತಂತಿ ಎಂದಿನಂತೆ ಕಿತ್ತುಹೋಯಿತು. ಕಚೇರಿಯ ಫೋನು, ಬ್ರಾಡ್‌ಬ್ಯಾಂಡ್ ಮಾತ್ರ ಯುಪಿಎಸ್ ಮೇಲೆ ನಡೆಯುತ್ತಿದ್ದವು. ಲ್ಯಾಪ್‌ಟಾಪಿಗೆ ಹಳೇ ವೈರ್‌ಲೆಸ್ ಸೆಟ್ಟಿನ ಬ್ಯಾಟರಿಯಿಂದ ಸಣ್ಣ ಇನ್ವರ್ಟರ್ ಮೂಲಕ ಕರೆಂಟು ಕೊಟ್ಟಿದ್ದೆ. ಕಾಲು ಗಂಟೆಗೊಮ್ಮೆ ರಾಚಯ್ಯಣ್ಣ ಓದುತ್ತಿದ್ದರು, ನಾನು ತುಂಬುತ್ತಿದ್ದೆ, ಮೇಲೆ ಪ್ರದೀಪ್ ಸಾಹೇಬರು ನೋಡುತ್ತಿದ್ದರು.

ಮಧ್ಯಾಹ್ನ ಒಂದೂಕಾಲಿನ ಓದಿನಲ್ಲಿ ಮಟ್ಟ ಒಮ್ಮೆಗೇ ನಲವತ್ತು ಸೆಂಟಿಮೀಟರ್ ಮೇಲೆ ಹೋಗಿತ್ತು. ಅದುವರೆಗೆ ಹತ್ತು, ಹನ್ನೆರಡು ಮಾತ್ರ ಏರುತ್ತಿತ್ತು. ನಾನು ಹೊರಗೆ ಹೋಗಿ ನನ್ನ ಕಣ್ಣಿನಲ್ಲೇ ನೋಡಿ ಬಂದು ತುಂಬಿದೆ. ಎರಡು ನಿಮಿಷಕ್ಕೆ ಪ್ರದೀಪ್ ಸಾಹೇಬರಿಂದ ಮೇಲ್ ಬಂತು. ಮೈಸೂರಿನ ಕಂಟ್ರೋಲ್ ರೂಮಿನವರು ಇದನ್ನು ಕುಟ್ಟುವಾಗಿನ ತಪ್ಪು ಎನ್ನುತ್ತಿದ್ದಾರೆ, ಮುಂದಿನ ಓದು ಬರಲಿ ಎನ್ನುತ್ತಿದ್ದಾರೆ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು. ನಮ್ಮ ಕೆಳಗೆ ತಲಕಾಡಿನ ಹತ್ತಿರ ನಡುಗಡ್ಡೆಯಲ್ಲಿ ಆಡು, ದನ ಮೇಯಿಸುವವರು ಹೆಂಗಸರು ಮಕ್ಕಳ ಸಮೇತ ಇದ್ದಾರೆ, ಹರಿಗೋಲು ಹಾಕಿಸುವುದಾದರೆ ಈಗಲೇ ಹಾಕಿಸಬೇಕು, ಕಾಲು ಗಂಟೆ ಕಾಯಲೇ?

ಮಾತಿನಲ್ಲಿ ಎಷ್ಟು ಸಲ ಹೇಳಿದರೂ ಅದು ನನ್ನ ಮಾತೇ. ಕಚೇರಿಯ ಡಿಜಿಟಲ್ ಕ್ಯಾಮೆರಾ ಬೆಳಿಗ್ಗೆಯೇ ತಂದಿಟ್ಟುಕೊಂಡಿದ್ದೆ. ರಾಚಯ್ಯಣ್ಣ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದುಕೊಂಡರು. ದಂಡೆಯ ಅಂಚಿಗೆ ಹೋಗಿ, ಅಳತೆಪಟ್ಟಿಯ ಅಂಕಿಯೂ ಅದಕ್ಕೆ ತಾಗಿದ ನೀರೂ ಕಾಣುವಂತೆ ಎರಡು ಫೋಟೊ ತೆಗೆದೆ. ಒಳಗೆ ಬಂದು ಕಳಿಸಲು ಒತ್ತಿದೆ. ಕಿಟಕಿಗೆ ಕಟ್ಟಿದ್ದ ಡಬ್ಬ ಗಾಳಿಗೆ ತಿರುಗಿಹೋಗಿತ್ತು. ಒಂದು ಗೆರೆಯೂ ಇಲ್ಲ.

ರಾಚಯ್ಯಣ್ಣ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ಕಿಟಕಿಯಿಂದಾಚೆ ಚಾಚಿ ಮಳೆಯಲ್ಲಿ ನಿಂತರು. ನಾನು ಪರದೆಯ ಮೇಲೆ ಕಣ್ಣಿಟ್ಟೆ.

“ಇಂಗಾ ಮೇಡಮ್ಮೋರೆ?”

“ಇನ್ನೂ ಚೂರು ಎಡಕ್ಕೆ ರಾಚಯ್ಯಣ್ಣ. ಮೇಲೆ. ಹಾಂ, ಅಲ್ಲೇ ಇರಿ. ಅಲ್ಲಾಡ್ಬೇಡಿ.”

“ಅಲ್ಲಾಡಾಕಿಲ್ಲ. ನೀವು ಕಳ್ಸಿ.”

ಹಸಿರು ಪಟ್ಟಿ ಇಷ್ಟಿಷ್ಟೇ ಮುಂದೆ ಹೋಯಿತು, ನಡುವೆ ನಿಂತಿತು, ಮತ್ತೆ ಹೋಯಿತು. ರಾಚಯ್ಯಣ್ಣನ ತೋಳಿನಿಂದ ನೀರು ಸುರಿಯುತ್ತಿತ್ತು, ಡಬ್ಬ ಅಲ್ಲಾಡಲಿಲ್ಲ. ಮೊದಲ ಫೋಟೊ ಹೋಯಿತು. ಎರಡನೆಯದೂ ಹೋಯಿತು. ನಾಲ್ಕು ನಿಮಿಷಕ್ಕೆ ಪ್ರದೀಪ್ ಸಾಹೇಬರ ಮೇಲ್ ಬಂತು. ಫೋಟೊ ನೋಡಿದರು, ಒಪ್ಪಿದರು, ಹರಿಗೋಲು ಹೊರಟಿವೆ.

ಅದನ್ನು ಗಟ್ಟಿಯಾಗಿ ಓದಿದೆ. ರಾಚಯ್ಯಣ್ಣ ಡಬ್ಬ ಇಳಿಸಲಿಲ್ಲ. “ಮುಂದಿಂದು ಓದೋವೊತ್ತು ಆಯ್ತು, ನೀವ್ ಓಗಿ ನೋಡ್ಕಬನ್ನಿ, ನಾನ್ ಇದ ಇಡ್ಕಂಡಿರ್ತೀನಿ,” ಅಂದರು.

ಆಮೇಲೆ ಇನ್ನೂ ಏಳು ಓದು ಕಳಿಸಿದೆವು. ಪ್ರತಿ ಸಲವೂ ಫೋಟೊ ಸಮೇತ. ನೀರು ಗೇಜ್ ಮನೆಯ ಹೊಸ್ತಿಲು ಮುಟ್ಟಿದಾಗ ಲ್ಯಾಪ್‌ಟಾಪನ್ನು ರೇನ್‌ಕೋಟಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದೆ. ರಾಚಯ್ಯಣ್ಣ 'ನೀವು ನಡೀರಿ' ಎನ್ನುತ್ತಾ ರಿಜಿಸ್ಟರುಗಳ ಗಂಟು ಹೊತ್ತು ಹಿಂದೆ ಬಂದರು. ಮೇಲಿನ ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಿದರೆ ನಾವು ಕೂತಿದ್ದ ಕೋಣೆಯೊಳಗೆ ನೀರು ನುಗ್ಗುತ್ತಿತ್ತು. ಕತ್ತಲಾಗುವ ಮುಂಚೆ ತಲಕಾಡಿನಿಂದ ಕಚೇರಿಗೆ ಫೋನ್ ಬಂತು. ಹರಿಗೋಲು ನಾಲ್ಕು ಸಲ ಹೋಗಿ ಬಂದಿದ್ದವು. ನಡುಗಡ್ಡೆಯಲ್ಲಿದ್ದ ಎಲ್ಲರೂ ದಡ ಸೇರಿದ್ದರು. ಕೊನೆಯ ಹರಿಗೋಲು ಬಂದು ಅರ್ಧ ಗಂಟೆಗೆ ನಡುಗಡ್ಡೆ ಕಾಣಿಸಲಿಲ್ಲವಂತೆ. ಪ್ರದೀಪ್ ಸಾಹೇಬರು ಫೋನಿಟ್ಟು, ಎದ್ದು ನಿಂತು, ರಾಚಯ್ಯಣ್ಣನಿಗೂ ನನಗೂ ಕೈಮುಗಿದರು. ನಮಗೆ ಏನು ಮಾಡಬೇಕೋ ತಿಳಿಯದೆ ನಾವೂ ಕೈಮುಗಿದೆವು.

ಆ ವರ್ಷವೇ ಮೈಸೂರಿನವರು ಉಳಿದ ಕೇಂದ್ರಗಳಿಗೂ ಇದನ್ನು ಹಾಕಿಕೊಡಲು ನನ್ನನ್ನು ಕಳಿಸಿದರು. ಹೋದ ಕಡೆಯೆಲ್ಲ ಮೂಲೆಯಲ್ಲಿ ಬಿದ್ದಿದ್ದ ಹಳೇ ಯಂತ್ರಗಳನ್ನು ಎಬ್ಬಿಸಿದೆ. ಟಪಾಲು ಹಂಚಲು ಹೋಗಿದ್ದ ನನ್ನ ವಾರಿಗೆಯ ಆಪರೇಟರುಗಳನ್ನೇ ಕೇಳಿ ಕರೆಸಿಕೊಂಡೆ. ಬೆಸುಗೆ ಹಾಕಲು ಬರುವ ಕೈಗಳು ಅವರವೇ ಅಲ್ಲವೇ. ಡಿಸ್ಕು ಅಳಿಸುವ ಮುಂಚೆ ನಕಲು ತೆಗೆದುಕೊಳ್ಳಿ ಎಂದು ಎಲ್ಲರಿಗೂ ಮೊದಲು ನನ್ನ ಮೆಮೊ ತೋರಿಸುತ್ತಿದ್ದೆ. ನೀವೂ ಅಷ್ಟೇ, ಕೆಟ್ಟದ್ದು ಏಕೆ ಕೆಟ್ಟಿತೆಂದು ತಿಳಿಯುವ ಮುಂಚೆ ಗುಜರಿಗೆ ಬರೆಯಬೇಡಿ. ಗೊತ್ತಿಲ್ಲದ್ದನ್ನು ಕೇಳಲು ನಾಚಬೇಡಿ. ನಸೀಮಾ ಮೇಡಂ ಇಲ್ಲದಿದ್ದರೆ ನನಗೆ ಇದರಲ್ಲಿ ಒಂದಕ್ಷರವೂ ಬರುತ್ತಿರಲಿಲ್ಲ.

ಆ ದೊಡ್ಡ ನೀರು ಇಳಿದು ಹದಿನೈದು ದಿನಕ್ಕೆ ಒಬ್ಬ ಹೆಂಗಸು ಕಚೇರಿಗೆ ಬಂದರು. ಹೆಸರು ಚಿಕ್ಕತಾಯಮ್ಮ, ಅರವತ್ತರ ಮೇಲಿನವರು, ನಡುಗಡ್ಡೆಯಲ್ಲಿ ಆಡು ಮೇಯಿಸುತ್ತಿದ್ದವರು. ತಲಕಾಡಿನ ಬಸ್ಸಿಳಿದು ಕೇಳಿಕೊಂಡು ಬಂದಿದ್ದರು. ಅವತ್ತು ಸುದ್ದಿ ಕಳಿಸಿದ್ದು ಇಲ್ಲಿಂದಲೇ ಅಂತೆ, ಎಲ್ಲಿ ತೋರಿಸಿ ಎಂದು ಕೇಳಿದರು. ನಾನು ಹೆಮ್ಮೆಯಿಂದ ಲ್ಯಾಪ್‌ಟಾಪನ್ನೂ ಡಬ್ಬವನ್ನೂ ತೋರಿಸಿದೆ. ಅವರು ಅದನ್ನು ಒಮ್ಮೆ ನೋಡಿ ತಲೆಯಾಡಿಸಿದರು.

“ಇದಲ್ಲ ಕಣವ್ವ. ನೀರು ಏರಿದ್ದ ನೋಡ್ದೋರು ಯಾರು?”

ರಾಚಯ್ಯಣ್ಣನನ್ನು ಕರೆದೆ. ನೋಡಿದ್ದು ಇವರು, ಬರೆದಿದ್ದು ನಾನು ಎಂದೆ. ಅವತ್ತು ನೀರು ಎಲ್ಲಿಯವರೆಗೆ ಬಂದಿತ್ತು ತೋರಿಸಿ ಎಂದರು. ಮೂವರೂ ಮೆಟ್ಟಿಲಿಳಿದೆವು. ರಾಚಯ್ಯಣ್ಣ ಕೋಲೆತ್ತಿ ಗೇಜ್ ಮನೆಯ ಗೋಡೆಯ ಮೇಲೆ ಕೆಸರಿನ ಗೆರೆ ತೋರಿಸಿದರು. ಚಿಕ್ಕತಾಯಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತು ತಲೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಗೆರೆ ಅವರ ಕೈಗಿಂತ ಒಂದು ಮೊಳ ಮೇಲಿತ್ತು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಮನೆಯಿಂದ ತಂದಿದ್ದ ಕಡಲೆಕಾಯಿಯನ್ನು ನಮ್ಮಿಬ್ಬರ ಕೈಗೂ ಸುರಿದು, ಅಲ್ಲೇ ದಂಡೆಯ ಮೇಲೆ ಕೂತರು. ನಾವೂ ಕೂತೆವು. ಮೂವರೂ ಸುಲಿದು ತಿನ್ನುತ್ತಾ ನದಿ ನೋಡಿದೆವು.